ಕೊರಿಂಥದವರಿಗೆ ಬರೆದದ್ದು, ಶಹಾಬಾದಿನಲ್ಲಿ ಓದಿದ್ದು

ಹೋದ ಬೇಸಿಗೆಯಲ್ಲಿ ಸೇಡಂನ ನಮ್ಮ ಪಕ್ಕದ ಮನೆಯವರು ಅಂಗಳಕ್ಕೆ ಕಲ್ಲು ಹಾಸಿಸಿದರು. ಗೌಂಡಿ ಮಷಿನ್ನು ಹಿಡಿದು ಹಾಸುಗಲ್ಲನ್ನು ಕೊಯ್ಯುತ್ತಿದ್ದ, ಅವನ ಹೆಂಡತಿ ಪಕ್ಕದಲ್ಲಿ ಕೂತು ತಂಬಿಗೆಯಿಂದ ಸಣ್ಣಗೆ ನೀರು ಸುರಿಯುತ್ತಿದ್ದಳು. ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಒಂದಿದೆ. ಅದು ಸುಣ್ಣದ್ದಲ್ಲ, ಮಳೆ ಬಿದ್ದ ಮಣ್ಣಿನದ್ದೂ ಅಲ್ಲ. ಆ ಕಲ್ಲಿನ ಸೀಮೆಯಲ್ಲಿ ಹುಟ್ಟಿದವರಿಗೆ ಮಾತ್ರ ಗೊತ್ತಾಗುವಂಥದ್ದು. ಒಗೆದ ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟು ನಾನು ಗೋಡೆಗೆ ಆತು ನಿಂತುಬಿಟ್ಟೆ. ಶಹಾಬಾದಿನ ನಮ್ಮ ಮನೆ ಪೂರ್ತಿ ಆ ಕಲ್ಲಿನದೇ. ಗೋಡೆಯೆಂದರೆ ಒಂದರ ಮೇಲೊಂದು ಪೇರಿಸಿದ ಹಾಸುಗಲ್ಲು, ಮಾಳಿಗೆಯೆಂದರೆ ಅಡ್ಡ ಹಾಕಿದ ಉದ್ದನೆಯ ಹಾಸುಗಲ್ಲು, ಒಲೆಯ ಕಟ್ಟೆ, ಬಚ್ಚಲು, ನೀರಿನ ಹಂಡೆಯ ಮುಚ್ಚಳ ಎಲ್ಲವೂ ಅದೇ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವ್ವ ಪಡಸಾಲೆಗೆ ನೀರು ಚಿಮುಕಿಸುತ್ತಿದ್ದಳು. ಆ ವಾಸನೆ ಮನೆಯ ತುಂಬ ಏಳುತ್ತಿತ್ತು. ನೆಲ ತಣ್ಣಗಾದ ಮೇಲೆ ಚಾಪೆ ಬೀಳುತ್ತಿದ್ದವು, ಓಣಿಯ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬಂದು ಕೂಡುತ್ತಿದ್ದರು, ಮತ್ತು ನಮ್ಮ ಎಸ್ತೇರತ್ತಿ ಕನ್ನಡಕ ಏರಿಸಿಕೊಂಡು ಸತ್ಯವೇದವನ್ನು, ಎಂದರೆ ಬೈಬಲನ್ನು, ತೆರೆಯುತ್ತಿದ್ದಳು. ನಿಮಗೂ ಹಾಗೊಂದು ಮನೆ ಇದ್ದಿರಬಹುದು, ಈಗ ಇಲ್ಲದಿರಬಹುದು. ಇದ್ದರೆ, ಅದರ ಬಗ್ಗೆ ದನಿ ತಗ್ಗಿಸಿ ಮಾತಾಡಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ನಾನಂತೂ ಕೇಳುವುದಿಲ್ಲ.

ಎಸ್ತೇರತ್ತಿ ನಮ್ಮಪ್ಪನ ಅಕ್ಕ. ದೂರದ ಊರಿನಲ್ಲಿ ದೇವಶಾಸ್ತ್ರ ಓದಿ ಬಂದವಳು. ನಮ್ಮ ಚರ್ಚಿನ ಸಣ್ಣ ಸಭೆಯಲ್ಲಿ ಅಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ಆದರೆ ಓದಿ ಬಂದವಳಿಗೆ ಸಭೆಯವರು ಮಕ್ಕಳಿಗೆ ಹಾಡು ಕಲಿಸುವ ಕೆಲಸ ಕೊಟ್ಟರು, ಮೇಜಿನ ಮೇಲೆ ಹೂವು ಇಡುವ ಕೆಲಸ ಕೊಟ್ಟರು, ನಿಂತು ಮಾತಾಡಲು ಪೀಠ ಮಾತ್ರ ಕೊಡಲಿಲ್ಲ. ಹೆಂಗಸರಿಗೆ ಅದು ಇಲ್ಲ ಎಂದರು. ಅತ್ತಿ ವಾದ ಮಾಡಲಿಲ್ಲ. ಪ್ರೈಮರಿ ಶಾಲೆಯಲ್ಲಿ ಟೀಚರಾದಳು, ತಮ್ಮನ ಮನೆಯಲ್ಲೇ ಉಳಿದಳು, ಭಾನುವಾರ ಮಧ್ಯಾಹ್ನದ ಪಡಸಾಲೆಯನ್ನು ತನ್ನದು ಮಾಡಿಕೊಂಡಳು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮನೆಯ ಹಿಂದೆಯೇ ಹಳಿ. ವಾಡಿಯ ಕಡೆಯಿಂದ ಗಾಡಿ ಬಂದರೆ ಅಡುಗೆಮನೆಯ ತಾಟುಗಳೆಲ್ಲ ಝಣಝಣ ಎನ್ನುತ್ತಿದ್ದವು. ಅವ್ವ ಚಿಂಚೋಳಿಯ ಆಚೆ, ತೆಲುಗು ಗಡಿಯ ಹಳ್ಳಿಯವಳು. ಮದುವೆಯಾದ ಹೊಸದರಲ್ಲಿ ಅವಳ ಬಾಯಲ್ಲಿ ಕನ್ನಡದ ನಡುವೆ ತೆಲುಗು ನುಸುಳಿದಾಗಲೆಲ್ಲ ಸಭೆಯ ಹೆಂಗಸರು ನಗುತ್ತಿದ್ದರಂತೆ. ಅಂದಿನಿಂದ ಅವಳು ಹೊರಗೆ ಮಾತಾಡುವುದನ್ನೇ ಬಿಟ್ಟಿದ್ದಳು. ದೀಕ್ಷಾಸ್ನಾನದ ದಿನ ಅವಳಿಗೆ ಮರಿಯಮ್ಮ ಎಂದು ಹೆಸರಿಟ್ಟಿದ್ದರು. ಅತ್ತಿ ಒಬ್ಬಳು ಮಾತ್ರ ತವರಿನವರು ಕರೆಯುತ್ತಿದ್ದಂತೆ ನಾಗಮ್ಮ ಎಂದೇ ಕರೆಯುತ್ತಿದ್ದಳು. ಆ ಹೆಸರು ಕೇಳಿದಾಗ ಅವ್ವನ ಮುಖ ಎಷ್ಟು ಸಡಿಲವಾಗುತ್ತಿತ್ತೆಂದರೆ, ಅದನ್ನು ನೋಡಲೆಂದೇ ನಾನೂ ಒಂದೆರಡು ಸಲ ಅವಳನ್ನು ನಾಗಮ್ಮ ಎಂದು ಕರೆದು ಬೈಸಿಕೊಂಡಿದ್ದೇನೆ.

ಪಡಸಾಲೆಗೆ ಬರುತ್ತಿದ್ದವರಲ್ಲಿ ನಮ್ಮ ಸಭೆಯವರು ಅರ್ಧ, ಬೇರೆಯವರು ಅರ್ಧ. ಕಲ್ಲಿನ ಗಣಿಯಲ್ಲಿ ದುಡಿಯುವ ಶಾಂತಾಬಾಯಿ ಬೌದ್ಧರ ಓಣಿಯವಳು. ಅವಳ ಮನೆಯಲ್ಲಿ ಬುದ್ಧನ ಪಟಕ್ಕೆ ದಿನವೂ ಹೂವು. 'ನಾ ಧರ್ಮ ಬದಲಿ ಮಾಡಲಿಕ್ಕ ಬಂದಿಲ್ರಿ ಟೀಚರ್, ಕಥಿ ಕೇಳಲಿಕ್ಕ ಬಂದೀನಿ' ಎಂದು ಮೊದಲ ದಿನವೇ ಹೇಳಿ ಗೋಡೆಯ ಪಕ್ಕ ಜಾಗ ಹಿಡಿದಿದ್ದಳು. ಅತ್ತಿಗೆ ಅದು ಭಾಳ ಸೇರಿತ್ತು. ಅವಳು ಓದುತ್ತಿದ್ದ ರೀತಿಯೇ ಬೇರೆ. ಪುಟ ತೆರೆದ ಕೂಡಲೇ ಓದುತ್ತಿರಲಿಲ್ಲ. ಇದನ್ನು ಬರೆದವರು ಯಾರು, ಯಾರು ಕೇಳಲಿ ಎಂದು ಬರೆದರು, ಕೇಳುವವರ ಮೇಲೆ ಆಗ ಎಂಥ ಕಷ್ಟ ಬಂದಿತ್ತು ಎಂಬುದನ್ನು ಮೊದಲು ಹೇಳುತ್ತಿದ್ದಳು. ಮತ್ತಾಯನ ಸುವಾರ್ತೆಯ ಮೊದಲಿಗೆ ಬರುವ ಉದ್ದನೆಯ ವಂಶಾವಳಿಯನ್ನು ಪಾಸ್ಟರುಗಳು ಹಾರಿಸಿಬಿಡುತ್ತಾರೆ. ಅತ್ತಿ ಹಾರಿಸುತ್ತಿರಲಿಲ್ಲ. ಅದು ಯೆಹೂದ್ಯರಿಗಾಗಿ ಬರೆದದ್ದು, ಅವರಿಗೆ ಮನೆತನ ತೋರಿಸದೆ ಮಾತೇ ಶುರುವಾಗುತ್ತಿರಲಿಲ್ಲ ಎನ್ನುತ್ತಿದ್ದಳು. ಅಪ್ಪಂದಿರ ಹೆಸರುಗಳ ಆ ಸಾಲಿನ ನಡುವೆ ಬರೆದವನು ತಾಮಾರಳನ್ನು, ರಾಹಾಬಳನ್ನು, ಪರದೇಶದ ಸೊಸೆ ರೂತಳನ್ನು ಕೂಡಿಸಿದ್ದಾನೆ ನೋಡಿರಿ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಪರದೇಶದ ಸೊಸೆ ಎನ್ನುವಾಗ ಅವಳ ಕಣ್ಣು ಅವ್ವನ ಕಡೆ ಹೋಗುತ್ತಿತ್ತು. ಸುವಾರ್ತೆಗಳ ಮೇಲಿರುವ ಹೆಸರುಗಳನ್ನು ಆಮೇಲೆ ಹಾಕಿದ್ದು, ಬರೆದವರು ತಮ್ಮ ಹೆಸರನ್ನು ಎಲ್ಲೂ ಬರೆದುಕೊಂಡಿಲ್ಲ ಎಂದೂ ಅವಳು ಹೇಳಿದ್ದಳು.

ಸತ್ಯವೇದದಲ್ಲೇ ಸೇರಿರುವ ಅಪೊಸ್ತಲ ಪೌಲನ ಕಾಗದಗಳೆಂದರೆ ಅವಳಿಗೆ ವಿಶೇಷ ಪ್ರೀತಿ. ಅವು ಆಕಾಶದಿಂದ ಬಿದ್ದ ಶಾಸನಗಳಲ್ಲ, ಜಗಳಾಡುವ ಸಣ್ಣ ಸಣ್ಣ ಸಭೆಗಳಿಗೆ ಬೆವರಿ ಬರೆದ ಓಲೆಗಳು ಎನ್ನುತ್ತಿದ್ದಳು. ರೋಮಾಪುರದವರಿಗೆ ಹೋದ ದೊಡ್ಡ ಕಾಗದವನ್ನು ಪೌಲ ಬಾಯಲ್ಲಿ ಹೇಳಿದ, ತೆರ್ತ್ಯನೆಂಬವನು ಬರೆದುಕೊಂಡ, ಅದನ್ನು ಅಷ್ಟು ದೂರ ಒಯ್ದವಳು ಬಹುಶಃ ಫೊಯಿಬೆ ಎಂಬ ಹೆಣ್ಣುಮಗಳು ಎಂದು ಒಂದು ಭಾನುವಾರ ಹೇಳಿದಳು. ಆಗ ಶಾಂತಾಬಾಯಿ 'ಪೋಸ್ಟಮನ್ ಇರಲಿಲ್ಲೇನ್ರಿ?' ಎಂದಳು. ಎಲ್ಲರೂ ನಕ್ಕರು. ಅತ್ತಿಯೂ ನಕ್ಕು, 'ಪೋಸ್ಟಮನ್ ಕಾಗದ ಒಗದು ಹೋಗ್ತಾನ. ಆಕಿ ಹಂಗಲ್ಲ. ಅಲ್ಲಿ ಮಂದಿಗೆ ಓದಲಿಕ್ಕ ಬರ್ತಿದ್ದಿಲ್ಲ. ಒಯ್ದವರೇ ನಿಂತು ಓದಿ, ತಿಳೀಲಾರದ್ದು ತಿಳಿಸಿ ಹೇಳಬೇಕಿತ್ತು. ಆ ಕಾಗದ ಮೊದಲ ಕೇಳಿದವರು ಅದನ್ನ ಒಬ್ಬ ಹೆಣ್ಣುಮಗಳ ದನಿಯಾಗ ಕೇಳಿರಬೇಕು' ಎಂದಳು. ಹಿಂದಿನ ಹಳಿಯಲ್ಲಿ ಗೂಡ್ಸ್ ಗಾಡಿಯೊಂದು ಹೋಗತೊಡಗಿತು. ಅದು ದಾಟುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ಅತ್ತಿ ಪುಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತ ಕೂತಿದ್ದ ಆ ಗಳಿಗೆ ನನಗೆ ಈಗಲೂ ಕಾಣುತ್ತದೆ. ಕಿಟಕಿಯ ಬಿಸಿಲು, ಚಾಪೆಯ ಮೇಲೆ ಮಲಗಿದ ಕೂಸು, ನೆನೆಸಿಟ್ಟ ತೊಗರಿಬೇಳೆಯ ಪಾತ್ರೆ, ಒಳಗೊಳಗೇ ಏನನ್ನೋ ಬಾಯಿಪಾಠ ಮಾಡಿಕೊಳ್ಳುತ್ತ ತುಟಿ ಅಲ್ಲಾಡಿಸುತ್ತಿದ್ದ ಅವ್ವ.

ತೊಂದರೆ ಬಂದದ್ದು ಸುಗಂಧಿಯಿಂದ. ಅವಳು ನಮ್ಮ ಸಭೆಯ ಹಿರಿಯ ಸಾಮುವೇಲಪ್ಪನವರ ಸೊಸೆ. ಚಿತ್ತಾಪುರದಿಂದ ಮದುವೆಯಾಗಿ ಬಂದವಳು, ಚುರುಕು ಹುಡುಗಿ. ಒಂದು ಭಾನುವಾರ ಆರಾಧನೆಯಲ್ಲಿ ಹೊಸದಾಗಿ ಬಂದ ಹರೆಯದ ಪಾಸ್ಟರು ಹೆಂಡಂದಿರು ಗಂಡಂದಿರಿಗೆ ಅಧೀನರಾಗಿರಬೇಕು ಎಂದು ಪ್ರಸಂಗ ಮಾಡುತ್ತಿದ್ದಾಗ ಅವಳು ಕೂತಲ್ಲಿಂದಲೇ, 'ಪಾಸ್ಟರ್, ಆ ಕಾಗದ ಯಾರಿಗೆ ಬರದದ್ರಿ? ಆಗ ಅವರ ಪರಿಸ್ಥಿತಿ ಏನಿತ್ರಿ?' ಎಂದು ಕೇಳಿಬಿಟ್ಟಳು. ಕೆಣಕಲು ಕೇಳಿದ್ದಲ್ಲ, ಪಡಸಾಲೆಯ ಅಭ್ಯಾಸ. ಪಾಸ್ಟರು ಸಾಲು ತಪ್ಪಿ ಪುಟ ತಿರುವತೊಡಗಿದರು. ಸಾಮುವೇಲಪ್ಪನವರ ಮುಖ ಕಪ್ಪಿಟ್ಟಿತು. ಅದೇ ಸಂಜೆ ಅವರು ಪಾಸ್ಟರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೆಟ್ಟ ಮನುಷ್ಯ ಅಲ್ಲ ಅವರು. ನನಗೆ ಕಾಮಾಲೆ ಆದಾಗ ಎತ್ತಿಕೊಂಡು ದವಾಖಾನೆಗೆ ಓಡಿದವರು ಅವರೇ. ಅವ್ವ ಚಾ ಇಟ್ಟಳು. ಅವರು ಕಪ್ಪು ಮುಟ್ಟಲಿಲ್ಲ.

'ಎಸ್ತೇರಮ್ಮ, ಈ ಮಧ್ಯಾಹ್ನದ ಕೂಟ ಬಂದ್ ಮಾಡ್ರಿ. ಸಭಾದಾಗ ಹೆಂಗಸರು ಮೌನ ಇರಬೇಕಂತ ಪೌಲ ಕೊರಿಂಥದವರಿಗೆ ಬರದಾನ. ನೀವೇ ಓದೀರಿ' ಎಂದರು.

'ಓದೀನ್ರಿ. ಅದೇ ಕಾಗದದಾಗ, ಹೆಂಗಸರು ಸಭಾದಾಗ ಪ್ರಾರ್ಥನಾ ಮಾಡಬೇಕಾದ್ರ, ಪ್ರವಾದನೆ, ಅಂದ್ರ ದೇವರ ಮಾತು, ಹೇಳಬೇಕಾದ್ರ ತಲಿ ಮ್ಯಾಲ ಮುಸುಕು ಇರಲಿ ಅಂತನೂ ಬರದಾನ. ಬಾಯೇ ತೆರೀಬಾರದು ಅಂದವ, ತೆರಿಯೋ ಮುಂದ ಸೆರಗು ಹ್ಯಾಂಗ ಹೊದೀಬೇಕಂತ ಯಾಕ ಹೇಳ್ಯಾನು? ಮೌನದ ಮಾತು ಆಮ್ಯಾಲ ಬ್ಯಾರೆಯವರು ಸೇರಿಸಿದ್ದೋ ಏನೋ ಅಂತ ಓದಿದವರು ಇವತ್ತಿಗೂ ಜಗಳಾಡ್ತಾರ. ಅದು ಕೊರಿಂಥದ ಗದ್ದಲಕ್ಕ ಹೇಳಿದ್ದೇ ಇರಲಿ. ಇಲ್ಲಿ ಎಲ್ಲಿ ಅದರಿ ಗದ್ದಲ? ಇದು ಶಹಾಬಾದ.'

'ದೇವರ ವಾಕ್ಯ ಎಲ್ಲಾ ಊರಿಗೂ ಒಂದೇ. ಊರಾಗ ನಮ್ಮವು ಇರೋದೇ ನಾಕು ಮನಿ. ನಮ್ಮ ಹೆಣ್ಣುಮಕ್ಕಳು ಎದ್ದು ನಿಂತು ಪಾಸ್ಟರಿಗೆ ಸವಾಲ್ ಮಾಡ್ತಾರಂದ್ರ ಮಂದಿ ಮುಂದ ಇಜ್ಜತ್ ಏನುಳೀತದ?' ಎಂದ ಸಾಮುವೇಲಪ್ಪನವರು ಎದ್ದು, ಅಪ್ಪನ ಕಡೆ ತಿರುಗಿ, 'ಬಂದ್ ಮಾಡದಿದ್ರ ನಿಮ್ಮ ಮನಿಗೆ ಕರ್ತನ ಭೋಜನ ಇಲ್ಲ, ಸಭಾದಾಗ ರೊಟ್ಟಿನೂ ಇಲ್ಲ ಬಟ್ಟಲೂ ಇಲ್ಲ' ಎಂದು ಹೇಳಿ ಹೊರಟರು. ಪಾಸ್ಟರು ಬಾಗಿಲಲ್ಲಿ ಒಮ್ಮೆ ಅತ್ತಿಯ ಕಡೆ ತಿರುಗಿ ನೋಡಿ ಅವರ ಹಿಂದೆಯೇ ನಡೆದರು.

ಅಪ್ಪ ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ. ಹಗಲೆಲ್ಲ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವವನಿಗೆ, ಭಾನುವಾರ ಬಿಳಿ ಅಂಗಿ ತೊಟ್ಟು ಸಭೆಯಲ್ಲಿ ಕೂಡುವುದೊಂದೇ ಗೌರವದ ಜಾಗ. 'ಅಕ್ಕಾ, ಜರಾ ಸುಮ್ಮನಿರು. ಒಂದೆರಡು ತಿಂಗಳು ಅಷ್ಟೇ' ಎಂದು ವಾರವಿಡೀ ಬೇಡಿಕೊಂಡ. ಮುಂದಿನ ಭಾನುವಾರ ಮಧ್ಯಾಹ್ನ ಅತ್ತಿ ತಾನೇ ಪಡಸಾಲೆಗೆ ನೀರು ಚಿಮುಕಿಸಿ, ಚಾಪೆ ಹಾಸಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಳು. ಯಾರೂ ಬರಲಿಲ್ಲ. ಓಣಿಯ ಬಾಗಿಲುಗಳೆಲ್ಲ ಹಾಕಿದ್ದವು. ನೆಲ ಆರಿತು. ಅಪ್ಪ ಅಂಗಳದ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಅತ್ತಿಯ ಮುಖದಲ್ಲಿ ನಾನು ಮೊದಲ ಸಲ ದಣಿವು ನೋಡಿದೆ. ಅವಳು ಕನ್ನಡಕ ತೆಗೆದು ಮಡಚಬೇಕು, ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಯಾವಾಗಲೂ ಬಾಗಿಲ ಮರೆಯಲ್ಲಿ ಕೂಡುತ್ತಿದ್ದವಳು ಅಂದು ಎಲ್ಲಕ್ಕಿಂತ ಮುಂದಿನ ಚಾಪೆಯ ನಡುಮಧ್ಯೆ ಕೂತು, ಹೊರಗಿದ್ದ ಅಪ್ಪನಿಗೂ ಓಣಿಗೂ ಕೇಳುವ ಹಾಗೆ ಹೇಳಿದಳು:

'ಓದ್ರಿ ಅಕ್ಕಾ. ನಾ ಬಂದೀನಿ.'

ಅತ್ತಿ ಓದಿದಳು. ಅಷ್ಟು ಗಟ್ಟಿಯಾಗಿ ಅವಳು ಓದಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಲೂಕನ ಸುವಾರ್ತೆಯಲ್ಲಿ ಹರೆಯದ ಮರಿಯಳು ಹಾಡುವ ಹಾಡು ಅದು. ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿ, ಹಸಿದವರಿಗೆ ಉಣಬಡಿಸುವ ದೇವರ ಹಾಡು. ಅರ್ಧ ಮುಗಿಯುವುದರೊಳಗೆ ಶಾಂತಾಬಾಯಿ ಬಂದಳು, 'ನನಗ ಯಾವ ಸಭಾದವರು ಏನ್ ಮಾಡ್ತಾರ ತೊಗೋರಿ' ಎನ್ನುತ್ತ. ಅವಳ ಹಿಂದೆ ಇನ್ನಿಬ್ಬರು ಬಂದರು. ಕಡೆಗೆ, ಮುಖದ ಮೇಲೆ ಸೆರಗು ಎಳೆದುಕೊಂಡು, ಸುಗಂಧಿಯೂ.

ಅಂದಿನಿಂದ ನಮ್ಮ ಮನೆಗೆ ಕರ್ತನ ಭೋಜನ ನಿಂತಿತು. ಕಂಡಿಲ್ಲದವರಿಗೆ ಇದು ಏನು ದೊಡ್ಡ ಶಿಕ್ಷೆ ಎನಿಸಬಹುದು. ಸಾಲಾಗಿ ಕೂತಿದ್ದೇವೆ, ರೊಟ್ಟಿಯ ತಟ್ಟೆ ಬರುತ್ತದೆ, ದ್ರಾಕ್ಷಾರಸದ ಬಟ್ಟಲು ಬರುತ್ತದೆ, ನಮ್ಮ ಸಾಲಿಗೆ ಬಂದಾಗ ಹಿಡಿದವರು ಕಣ್ಣು ಮೇಲೆತ್ತಿ ನಮ್ಮನ್ನು ದಾಟಿ ಹಿಂದಿನ ಸಾಲಿಗೆ ಹೋಗುತ್ತಾರೆ. ಅಪ್ಪ ನೆಲ ನೋಡುತ್ತಿದ್ದ. ಅತ್ತಿ ನೆಲ ನೋಡುತ್ತಿರಲಿಲ್ಲ. ತಟ್ಟೆ ಹಿಡಿದವರ ಮುಖವನ್ನೇ ನೋಡುತ್ತಿದ್ದಳು. ಒಮ್ಮೆ ಅವ್ವ, 'ಮನ್ಯಾಗೇ ರೊಟ್ಟಿ ಮುರಿಯೋಣಕ್ಕಾ, ಅಲ್ಲಿಗೆ ಯಾಕ ಹೋಗಬೇಕು?' ಎಂದಾಗ ಅತ್ತಿ ಒಪ್ಪಲಿಲ್ಲ. 'ನಾವು ಬ್ಯಾರೆ ಆದ್ರ ಅವರಿಗೆ ಆರಾಮ ಆಗ್ತದ. ಯಾಕ ಆರಾಮ ಕೊಡಬೇಕು? ಅವರ ನಡುವೇ ಕುಂದ್ರೋದು, ಅವರಿಗಿಂತ ಗಟ್ಟಿ ಹಾಡೋದು.' ಹಾಗೆಯೇ ಮಾಡಿದಳು. ಮಳೆ ಬರಲಿ ಬಿಸಿಲಿರಲಿ, ಒಂದು ಆರಾಧನೆಯನ್ನೂ ತಪ್ಪಿಸಲಿಲ್ಲ. ಹಾಡಿನ ಕಡೆಯ ಸಾಲಿನಲ್ಲಿ ಎಲ್ಲರೂ ನಿಲ್ಲಿಸಿದ ಮೇಲೂ ಅವಳ ದನಿ ಸ್ವಲ್ಪ ಹೊತ್ತು ಇರುತ್ತಿತ್ತು. ಮಧ್ಯಾಹ್ನದ ಪಡಸಾಲೆಯೂ ನಿಲ್ಲಲಿಲ್ಲ. ನಾನು ಆ ಚಾಪೆಗಳ ಮೇಲೆಯೇ ದೊಡ್ಡವಳಾದೆ.

ನಾನು ಕಾಲೇಜು ಸೇರಿದ ವರ್ಷ ಅತ್ತಿಗೆ ಕಿಡ್ನಿಯ ಕಾಯಿಲೆ ಬಂತು. ಕಲಬುರಗಿಯ ದವಾಖಾನೆಗೆ ಹೋಗಿ ಬರುವುದರಲ್ಲೇ ಅವಳು ಅರ್ಧವಾದಳು. ಕಡೆಯ ವಾರ ಮಂಚವನ್ನು ಪಡಸಾಲೆಗೇ ತಂದು ಹಾಕಿದೆವು. ಒಂದು ಮುಂಜಾನೆ, ಅವ್ವ ಬಾಯಿಗೆ ನೀರು ಹಾಕುತ್ತಿದ್ದಾಗಲೇ ಹೋದಳು. ಅಪ್ಪ ಸಾಮುವೇಲಪ್ಪನವರ ಮನೆಗೆ ಹೋಗಿ ಬಂದ. ಸಮಾಧಿ ಭೂಮಿಯಲ್ಲಿ ಜಾಗ ಕೊಡುತ್ತಾರಂತೆ, ಆದರೆ ಚರ್ಚಿನ ಗಂಟೆ ಬಾರಿಸುವುದಿಲ್ಲ, ಪಾಸ್ಟರು ಬರುವುದಿಲ್ಲ, ವಾಕ್ಯ ಓದುವುದಿಲ್ಲ. ಇದನ್ನು ಹೇಳಿದ ನಮ್ಮಪ್ಪ, ಜೀವಮಾನದಲ್ಲಿ ಯಾರಿಗೂ ಎದುರಾಡದವನು, ಹೆಗಲ ಮೇಲೆ ಟವೆಲ್ಲು ಮಡಚಿ ಹಾಕಿಕೊಂಡ. 'ಗಂಟಿ ಅವರ ಹಂತ್ಯಾಕೇ ಇರಲಿ. ನಮ್ಮಕ್ಕನ್ನ ನಾನೇ ಒಯ್ತೀನಿ' ಎಂದು ಶವಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ. ಇನ್ನೊಂದು ಹೆಗಲಿಗೆ ಶಾಂತಾಬಾಯಿಯ ಗಂಡ. ಹಿಂದೆ ಗ್ಯಾಂಗಿನವರು. ಅವರ ಹಿಂದೆ ಪಡಸಾಲೆಯ ಹೆಂಗಸರೆಲ್ಲ. ನಮ್ಮಲ್ಲಿ ಹೆಂಗಸರು ಸಮಾಧಿಯವರೆಗೆ ಹೋಗುವ ರೂಢಿಯೇ ಇರಲಿಲ್ಲ. ಅಂದು ಯಾರೂ ರೂಢಿಯನ್ನು ಕೇಳಲಿಲ್ಲ.

ಪೆಟ್ಟಿಗೆ ಇಳಿಸಿದ ಮೇಲೆ ಅಪ್ಪ ಅತ್ತಿಯ ಸತ್ಯವೇದವನ್ನು ತೆರೆದ. ಅಕ್ಷರ ಕಾಣಲಿಲ್ಲ ಅವನಿಗೆ. ಬಾಯಿ ತೆರೆದರೆ ಅಳು. ಪುಸ್ತಕವನ್ನು ನನ್ನ ಕಡೆ ಚಾಚಿದ. ನಾನು ಪುಟ ತಿರುವುತ್ತ ನಿಂತೆ, ಎಲ್ಲಿಂದ ಓದಬೇಕೆಂದು ತಿಳಿಯಲಿಲ್ಲ. ಆಗ ಅವ್ವ ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಪುಸ್ತಕ ಇಲ್ಲದೆಯೇ ಹೇಳತೊಡಗಿದಳು. ಅದು ಮಾರ್ಕನ ಸುವಾರ್ತೆಯ ಕೊನೆ. ತನ್ನ ಮಾತಿನಲ್ಲಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಹೆಣಕ್ಕೆ ಹಚ್ಚುವ ಸುಗಂಧದ್ರವ್ಯ ಹಿಡಿದು ಹೊತ್ತು ಮೂಡುವಾಗ ಸಮಾಧಿಗೆ ಹೋದ ಮೂವರು ಹೆಂಗಸರ ಕಥೆ ಹೇಳಿದಳು. ಬಾಗಿಲ ಕಲ್ಲನ್ನು ಯಾರು ಸರಿಸುತ್ತಾರೆಂದು ಅವರು ದಾರಿಯುದ್ದಕ್ಕೂ ಚಿಂತೆ ಮಾಡಿದರು, ಹೋಗಿ ನೋಡಿದರೆ ಕಲ್ಲು ಸರಿದೇ ಇತ್ತು, ಒಳಗೆ ಬಿಳಿ ಬಟ್ಟೆಯ ಹರೆಯದವನು ಕೂತು ಸ್ವಾಮಿ ಇಲ್ಲಿಲ್ಲ, ಎದ್ದಿದ್ದಾನೆ, ಹೋಗಿ ಹೇಳಿರಿ ಎಂದ. ಅವರು ನಡುಗುತ್ತ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಗೆ ಅವ್ವ ನಿಲ್ಲಿಸಿದಳು. ಹಳೆಯ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ ನಿಲ್ಲುವುದೂ ಅಲ್ಲಿಗೇ. ಮುಂದಿನ ಸಾಲುಗಳು ಆಮೇಲೆ ಸೇರಿದವು. ಪೆಟ್ಟು ತಿನ್ನುತ್ತಿದ್ದ, ಅಡಗಿ ಬದುಕುತ್ತಿದ್ದ ಜನರಿಗಾಗಿ ಬರೆದದ್ದು, ಅದಕ್ಕೇ ಅದು ಹೆದರಿಕೆಯಲ್ಲಿ ಮುಗಿಯುತ್ತದೆ ಎಂದು ಅತ್ತಿ ಅವಳಿಗೆ ಹೇಳಿಕೊಟ್ಟಿರಬೇಕು.

ಹಿಂದಿನಿಂದ ಸುಗಂಧಿ ಸಣ್ಣ ದನಿಯಲ್ಲಿ, 'ಯಾರಿಗೂ ಹೇಳಲಿಲ್ಲಂದ್ರ ನಮಗ ಹ್ಯಾಂಗ ಗೊತ್ತಾತು, ಅಕ್ಕಾ?' ಎಂದಳು.

'ಹೇಳ್ಯಾರ' ಎಂದಳು ಅವ್ವ. 'ಅಂಜಿಕೋತನೇ ಹೇಳ್ಯಾರ. ಇಲ್ಲಂದ್ರ ಬರದವ ಏನು ಬರೀತಿದ್ದ? ಎಸ್ತೇರಕ್ಕನೂ ಹೇಳ್ಯಾಳ. ಇನ್ನ ಮಣ್ಣು ಹಾಕ್ರಿ.'

ಮಣ್ಣು ಹಾಕುತ್ತಿದ್ದಾಗ ಕಂಪೌಂಡಿನ ಆಚೆ ಪಾಸ್ಟರು ನಿಂತಿದ್ದುದನ್ನು ನೋಡಿದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು, ಯಾರನ್ನೂ ನೋಡದೆ, ಒಂದು ಹಿಡಿ ಮಣ್ಣು ಹಾಕಿ ಹೋದರು. ಮುಂದಿನ ಭೋಜನದ ಭಾನುವಾರ, ಹಿರಿಯರು ತಡೆಯುವ ಮೊದಲೇ ಬಟ್ಟಲನ್ನು ತಾವೇ ಹಿಡಿದುಕೊಂಡು ನಮ್ಮ ಸಾಲಿಗೆ ಬಂದು ಅವ್ವನ ಮುಂದೆ ಚಾಚಿದರು. ಇಡೀ ಸಭೆ ತಿರುಗಿ ನೋಡುತ್ತಿತ್ತು. ಅವ್ವ ಕೈ ಮುಂದೆ ಮಾಡಲಿಲ್ಲ.

'ಎಸ್ತೇರಕ್ಕಗ ಕೊಡಲಾರದ್ದು ನನಗ ಬ್ಯಾಡ್ರಿ.'

'ಹಂಗಾರ ಏನ್ ಮಾಡಬೇಕ್ರಿ ಅವ್ವಾರ?'

'ತಪ್ಪಾತು ಅಂತ ಹೇಳ್ರಿ. ಇಲ್ಲೇ, ಎಲ್ಲಾರ ಎದುರಿಗೆ.'

ಅವರು ಸಾಮುವೇಲಪ್ಪನವರ ಕಡೆ ನೋಡಿದರು. ಬಟ್ಟಲು ಹಿಡಿದುಕೊಂಡೇ ಹಿಂದಕ್ಕೆ ಹೋದರು. ಆಮೇಲೊಂದು ದಿನ ಮನೆಗೆ ಬಂದು, ಚಾ ಕುಡಿದು, ಅಪ್ಪನ ಮುಂದೆ ಕ್ಷಮೆ ಕೇಳಿದರು. 'ಮನ್ಯಾಗ ಹೇಳಿದ್ದು ಮನ್ಯಾಗೇ ಉಳೀತದ್ರಿ' ಎಂದಳು ಅವ್ವ. ಕೆಲವು ವರ್ಷಗಳ ಮೇಲೆ ಹಿರಿಯರು ತಡೆ ತೆಗೆದಾಗ ಅಪ್ಪ ಮತ್ತೆ ಭೋಜನ ತೆಗೆದುಕೊಳ್ಳತೊಡಗಿದ, ಅವ್ವ ಅದಕ್ಕೆ ಅಡ್ಡಿ ಮಾಡಲಿಲ್ಲ. ತಾನು ಮಾತ್ರ ಸಾಯುವವರೆಗೂ ತೆಗೆದುಕೊಳ್ಳಲಿಲ್ಲ. ಪ್ರತಿ ಸಲ ಬಟ್ಟಲು ಬಂದಾಗ, ಬೇಡವೆಂದು ಗಟ್ಟಿಯಾಗಿ ಹೇಳಿ ಮುಂದಿನವರಿಗೆ ದಾಟಿಸುತ್ತಿದ್ದಳು. ಅತ್ತಿಯನ್ನು ಅವರು ಮರೆಯುವ ಹಾಗಿರಲಿಲ್ಲ.

ಈಗ ಎಲ್ಲರೂ ಮರೆತಿದ್ದಾರೆ. ಸಾಮುವೇಲಪ್ಪನವರು ಇಲ್ಲ, ಅಪ್ಪ ಇಲ್ಲ, ಅವ್ವ ಅತ್ತಿಯ ಪಕ್ಕದಲ್ಲೇ ಮಲಗಿದ್ದಾಳೆ. ಚರ್ಚನ್ನು ಹೊಸದಾಗಿ ಕಟ್ಟಿದ್ದಾರೆ, ಮೈಕು ಬಂದಿದೆ, ಹೆಂಗಸರು ಸರದಿಯ ಮೇಲೆ ಮುಂದೆ ನಿಂತು ವಾಕ್ಯ ಓದುತ್ತಾರೆ. ಮೊನ್ನೆ ಹೋದಾಗ, 'ನಮ್ಮ ಸಭಾದಾಗ ಹೆಣ್ಣುಮಕ್ಕಳಿಗೆ ಮೊದಲಿಂದಲೂ ಭಾಳ ಮರ್ಯಾದಿ' ಎಂದು ಹೊಸ ಹಿರಿಯರೊಬ್ಬರು ಹೆಮ್ಮೆಯಿಂದ ಹೇಳಿದರು. ನಾನು ಎದ್ದು ನಿಂತು, ಇಲ್ಲ ಎಂದೆ. ಇರಲಿಲ್ಲ, ಅದನ್ನು ಒಬ್ಬಳು ತನ್ನ ಪಡಸಾಲೆಯಲ್ಲಿ ಕೂತು ಗಳಿಸಿದಳು, ಅವಳ ಹೆಸರು ಎಸ್ತೇರಮ್ಮ ಎಂದೆ. ಅವರಿಗೆ ಮುಜುಗರವಾಯಿತು. ಆಗಲಿ.

ಹಳಿ ಹೆಚ್ಚಿಸುವಾಗ ನಮ್ಮ ಓಣಿ ಹೋಯಿತು. ಕಲಬುರಗಿಗೆ ಹೋಗಬೇಕಾದಾಗಲೆಲ್ಲ ನಾನು ಸೇಡಂನಿಂದ ರೈಲಿಗೇ ಹೋಗುತ್ತೇನೆ. ಚಿತ್ತಾಪುರ ದಾಟಿ, ವಾಡಿ ದಾಟಿ, ಗಾಡಿ ಶಹಾಬಾದಿಗೆ ಹತ್ತಿರವಾದಂತೆ ಎದ್ದು ಬಾಗಿಲ ಬಳಿ ನಿಲ್ಲುತ್ತೇನೆ. ಹೋದ ಸಲ ಅಲ್ಲಿ ನಿಂತಿದ್ದ ಹುಡುಗಿಯೊಬ್ಬಳು, 'ಏನ್ ನೋಡಲಿಕತ್ತೀರಿ ಆಂಟಿ?' ಎಂದು ಕೇಳಿದಳು. 'ನಮ್ಮ ಮನಿ' ಎಂದೆ. ಅವಳು ಕತ್ತು ಚಾಚಿ ನೋಡಿದಳು. ಎರಡು ಹಳಿಗಳ ನಡುವೆ ಜಲ್ಲಿಯ ರಾಶಿ, ಬಿಸಿಲು, ದೂರದಲ್ಲಿ ಒಂದು ಸಿಗ್ನಲ್ಲು.

'ಎಲ್ಲದ?'

'ಅಲ್ಲೇ ಅದ' ಎಂದೆ. ಇತ್ತು ಎನ್ನಲಿಲ್ಲ.